ಸರ್ವರ್ ಕೋಣೆಯ ತಾಪಮಾನದ ಎಚ್ಚರಿಕೆ ರಾತ್ರಿಯಿಡೀ ಬರುತ್ತಿದೆ, ಮಿತಿಯನ್ನು ಏರಿಸಿಬಿಡಲೇ?

ಬೇಡ, ಕನಿಷ್ಠ ಇವತ್ತು ಬೇಡ. 27 ಡಿಗ್ರಿಗೆ ಮಿತಿ ಇಟ್ಟಿದ್ದೀರಿ, ಸರ್ವರ್‌ಗಳ ಮೇಲೆ ಕಣ್ಣಿಡುವ ತಂತ್ರಾಂಶ ಜಾಬಿಕ್ಸ್ ಒಂದೇ ರಾತ್ರಿ ನಲವತ್ತು ಮೇಲ್ ಕಳಿಸಿದೆ, ಹಾಗಾಗಿ 30ಕ್ಕೆ ಏರಿಸಲೇ ಎನ್ನುತ್ತಿದ್ದೀರಿ. ಆ ನಲವತ್ತರಲ್ಲಿ ಅರ್ಧ ‘ಸಮಸ್ಯೆ’, ಇನ್ನರ್ಧ ‘ಸರಿಹೋಯಿತು’ ಎನ್ನುವ ಮೇಲ್‌ಗಳೇ? ಹಾಗಿದ್ದರೆ ನಿಮ್ಮ ಕೋಣೆ ಹೊಸ್ತಿಲ ಮೇಲೆ ನಿಂತು ಕಾಲನ್ನು ಒಳಗೆ ಹೊರಗೆ ಆಡಿಸುತ್ತಿದೆ, ಅಷ್ಟೇ.

ಕಳೆದ ಒಂದು ತಿಂಗಳ ಗ್ರಾಫ್ ತೆರೆಯಿರಿ. ಎಸಿಯ ಕಂಪ್ರೆಸರ್ ಓಡುವಾಗ ಇಳಿದು, ನಿಂತಾಗ ಏರುವ ಗರಗಸದ ಹಲ್ಲುಗಳು ಕಾಣುತ್ತವೆ. ಅದು ಸಹಜ. ನೋಡಬೇಕಾದದ್ದು ಹಲ್ಲಿನ ಬುಡವನ್ನು. ಅದು ವಾರದಿಂದ ವಾರಕ್ಕೆ ಮೇಲೇರುತ್ತಿದ್ದರೆ ಸೆನ್ಸರ್ ನಿಜವನ್ನೇ ಹೇಳುತ್ತಿದೆ ಎಂದರ್ಥ.

ಹಿಂದೆ ಒಂದು ಕಡೆ ಕೆಲಸ ಮಾಡುತ್ತಿದ್ದಾಗ ನಾನು ಇದನ್ನು ನೋಡಲಿಲ್ಲ. 27 ಇದ್ದದ್ದನ್ನು 29 ಮಾಡಿದೆ, ಆಮೇಲೆ 31. ಪ್ರತಿ ಸಲವೂ ಒಂದೆರಡು ವಾರ ನೆಮ್ಮದಿ. ಅಷ್ಟರಲ್ಲಿ ಕಂಪ್ರೆಸರ್ ಸದ್ದಿಲ್ಲದೆ ಸೋಲುತ್ತಿತ್ತು. ಒಂದು ಶನಿವಾರ ಅದು ಪೂರ್ತಿ ನಿಂತಿತು, ನೆಟ್‌ವರ್ಕಿನ ಮುಖ್ಯ ಸ್ವಿಚ್ ಕಾದು ತಾನೇ ಆರಿಹೋಯಿತು. ನನಗೆ ಒಂದೇ ಒಂದು ಮೇಲ್ ಬರಲಿಲ್ಲ, ಏಕೆಂದರೆ ಮೇಲ್ ಹೊರಗೆ ಹೋಗುತ್ತಿದ್ದುದು ಅದೇ ಸ್ವಿಚ್ಚಿನ ಮೂಲಕ! ಬೆಂಕಿ ಬಿದ್ದ ಸುದ್ದಿ ತರಬೇಕಾದವನೇ ಆ ಮನೆಯೊಳಗೆ ಸಿಕ್ಕಿಕೊಂಡ ಹಾಗಾಯಿತು.

ಗ್ರಾಫಿನಲ್ಲಿ ಬುಡ ಸ್ಥಿರವಾಗಿದ್ದರೆ ಅಂಕಿಯನ್ನು ಮುಟ್ಟದೆ ಷರತ್ತನ್ನು ಬದಲಿಸಿ. ಈಗ ನಿಮ್ಮ ಟ್ರಿಗರ್, ಅಂದರೆ ಯಾವಾಗ ಎಚ್ಚರಿಸಬೇಕೆಂದು ಜಾಬಿಕ್ಸ್‌ಗೆ ಹೇಳುವ ನಿಯಮ, ಕೊನೆಯ ಒಂದೇ ಅಳತೆಯನ್ನು ನೋಡುತ್ತಿರಬೇಕು. ಅದರ ಬದಲು ಕಳೆದ ಹತ್ತು ನಿಮಿಷದ ಕನಿಷ್ಠ ಅಳತೆಯೂ 27ನ್ನು ಮೀರಿದರೆ ಮಾತ್ರ ಕೂಗಲಿ. ಸರಾಸರಿ ಬೇಡ, ಬಾಗಿಲು ತೆರೆದಿಟ್ಟ ಎರಡು ನಿಮಿಷವೂ ಸರಾಸರಿಯನ್ನು ಎಳೆದುಬಿಡುತ್ತದೆ. ‘ಸರಿಹೋಯಿತು’ ಎನ್ನಲು ಬೇರೆಯೇ ಷರತ್ತು ಕೊಡಿ: ಹತ್ತು ನಿಮಿಷದ ಗರಿಷ್ಠ ಅಳತೆ 25ಕ್ಕಿಂತ ಕೆಳಗಿಳಿಯಬೇಕು. ನಡುವಿನ ಈ ಎರಡು ಡಿಗ್ರಿಯ ಅಂತರಕ್ಕೆ ಹಿಸ್ಟೆರೆಸಿಸ್ ಎನ್ನುತ್ತಾರೆ. ನಿಮ್ಮ ಎಸಿಯ ಸಹಜ ಏರಿಳಿತ ಅದಕ್ಕಿಂತ ದೊಡ್ಡದಿದ್ದರೆ ಅಂತರವನ್ನೂ ಅವಧಿಯನ್ನೂ ಹಿಗ್ಗಿಸಿ.

ಸೆನ್ಸರ್ ಎಲ್ಲಿ ಕೂತಿದೆ ಎಂದು ನೀವು ಬರೆದಿಲ್ಲ. ಹವಾನಿಯಂತ್ರಣ ಎಂಜಿನಿಯರುಗಳ ಅಮೆರಿಕದ ಆಶ್ರೇ ಸಂಸ್ಥೆ ಶಿಫಾರಸು ಮಾಡುವ 18ರಿಂದ 27 ಡಿಗ್ರಿ, ಯಂತ್ರದ ಮುಂಭಾಗದಿಂದ ಒಳಹೋಗುವ ಗಾಳಿಗೆ ಅನ್ವಯಿಸುತ್ತದೆ. ರ‍್ಯಾಕಿನ ಹಿಂದೆ ತೂಗುಹಾಕಿದ್ದರೆ ನೀವು ಅಳೆಯುತ್ತಿರುವುದು ಸರ್ವರ್ ಬಿಟ್ಟ ಬಿಸಿಯುಸಿರನ್ನು. ಅಲ್ಲಿ 35 ಇದ್ದರೂ ಆಶ್ಚರ್ಯವಿಲ್ಲ.

ಇನ್ನು, 27ಕ್ಕೆ ಯಾರನ್ನೂ ಎಬ್ಬಿಸಬೇಡಿ. ಅದು ಬೆಳಿಗ್ಗೆ ನೋಡುವ ಮೇಲ್ ಆಗಿರಲಿ. 32ಕ್ಕೆ ಇನ್ನೊಂದು ಟ್ರಿಗರ್ ಇಟ್ಟು, ಅದರ ಎಸ್‌ಎಂಎಸ್ ಸಿಮ್ ಹಾಕಿದ ಜಿಎಸ್‌ಎಂ ಮೋಡೆಮ್ ಮೂಲಕ ಹೋಗುವಂತೆ ಮಾಡಿ, ನಿಮ್ಮ ನೆಟ್‌ವರ್ಕಿನ ಹಂಗಿಲ್ಲದೆ. ಮೋಡೆಮ್ ಜೋಡಿಸಿದ ಮೇಲೆ ಜಾಬಿಕ್ಸ್ ಸರ್ವರಿನ ನೆಟ್‌ವರ್ಕ್ ಕೇಬಲ್ ಕಿತ್ತು, ಒಂದು ಪರೀಕ್ಷಾ ಸಂದೇಶ ಕಳಿಸಿ, ಅದು ಫೋನಿಗೆ ಬರುತ್ತದೆಯೇ ಎಂದು ನೋಡಿ. ಕೀಳುವ ಮೊದಲು ಮೇಲಧಿಕಾರಿಗೆ ತಿಳಿಸಿರಿ. ಮೊದಲ ಸಲ ನಾನು ತಿಳಿಸಿರಲಿಲ್ಲ, ಸಂದೇಶ ಅವರಿಗೂ ಹೋಗಿತ್ತು.