ಮನೆ ಆಡಿಯೋ ಸಿಸ್ಟಮ್‌ಗೆ ಮ್ಯೂಸಿಕ್ ಸರ್ವರ್: ದುಬಾರಿ ಪೆಟ್ಟಿಗೆ ಬೇಕಾ, ಹಳೇ ಲ್ಯಾಪ್‌ಟಾಪ್ ಸಾಕಾ?

ನಿಮ್ ಪ್ರಶ್ನೆ ನಂಗೆ ಅರ್ಥ ಆಗಿದ್ದು ಹೀಗೆ: ಒಳ್ಳೆ ಆಂಪ್ಲಿಫೈಯರು, ಸ್ಪೀಕರು, ಯುಎಸ್‌ಬಿ ಡ್ಯಾಕು (ಡಿಜಿಟಲ್ ಡೇಟಾನ ಆಂಪ್ಲಿಫೈಯರಿಗೆ ಕೊಡೋ ಸಿಗ್ನಲ್ಲಾಗಿ ಬದಲಾಯಿಸೋ ಪೆಟ್ಟಿಗೆ) ಆಗ್ಲೇ ಇದೆ, ಸುಮಾರು 600 ಸಿಡಿ ಇದಾವೆ, ಎಲ್ಲಾನೂ ಒಂದ್ ಕಡೆ ಹಾಕಿ ಫೋನಿಂದ ಆರಿಸ್ಕೊಂಡು ಕೇಳ್ಬೇಕು, ಜೊತೆಗೆ ರೆಡಿಮೇಡ್ ಸರ್ವರ್ ತಗೊಂಡ್ರೆ ಸೌಂಡೂ ಸುಧಾರಿಸತ್ತೆ ಅಂತ ಯಾರೋ ಹೇಳಿದಾರೆ, ಅದು ನಿಜಾನಾ ಅಂತ.

ಸೌಂಡ್ ವಿಷಯ ಮೊದ್ಲು ಮುಗಿಸ್ಬಿಡೋಣ. ನಿಮ್ ಸೆಟಪ್ಪಲ್ಲಿ ಸರ್ವರ್ ಬದಲಾಯಿಸಿದ್ರೆ ಸೌಂಡ್ ಬದಲಾಗಲ್ಲ. ಸರ್ವರ್ ಮಾಡೋದು ಡಿಸ್ಕಿಂದ ಫೈಲ್ ಓದಿ ಮುಂದಕ್ಕೆ ಕಳ್ಸೋ ಕೆಲ್ಸ, ನೆಟ್‌ವರ್ಕಲ್ಲಿ ಡೇಟಾ ಪ್ಯಾಕೆಟ್ ಪ್ಯಾಕೆಟ್ಟಾಗಿ ಹೋಗತ್ತೆ, ಒಂದು ಕಳೆದೋದ್ರೆ ಮತ್ತೆ ಕೇಳಿ ತರಿಸ್ಕೊಳ್ಳತ್ತೆ, ಆ ಕಡೆ ಬಫರಲ್ಲಿ (ತಾತ್ಕಾಲಿಕ ಮೆಮೊರಿ) ಕೂತಿರತ್ತೆ, ಅಲ್ಲಿಂದಾಚೆ ಯಾವ ಸ್ಯಾಂಪಲ್ ಯಾವಾಗ ಹೊರಗೆ ಬರ್ಬೇಕು ಅಂತ ತೀರ್ಮಾನ ಮಾಡೋದು ಡ್ಯಾಕ್ ಒಳಗಿರೋ ಕ್ಲಾಕು (ಈಗಿನ ಯುಎಸ್‌ಬಿ ಡ್ಯಾಕುಗಳು ಹೆಚ್ಚುಕಮ್ಮಿ ಎಲ್ಲಾ ಅಸಿಂಕ್ರನಸ್ಸೇ, ಅಂದ್ರೆ ಸ್ವಂತ ಕ್ಲಾಕ್ ಪ್ರಕಾರ ಡೇಟಾ ಕೇಳಿ ತರಿಸ್ಕೊಳ್ಳೋವು). ದುಬಾರಿ ಪೆಟ್ಟಿಗೆಯಿಂದ ಬಂದ್ರೂ ಹಳೇ ಲ್ಯಾಪ್‌ಟಾಪಿಂದ ಬಂದ್ರೂ ಸಿಡಿಯ 16 ಬಿಟ್ 44.1 ಕಿಲೋಹರ್ಟ್ಸ್ ಅದೇ ಡೇಟಾ. ಒಂದು ಅಪವಾದ ಇದೆ, ಲ್ಯಾಪ್‌ಟಾಪನ್ನ ನೇರ ಡ್ಯಾಕಿಗೆ ಯುಎಸ್‌ಬಿ ಕೇಬಲಲ್ಲಿ ಸಿಕ್ಕಿಸಿ ಚಾರ್ಜರ್ ಹಾಕಿದ ಕೂಡ್ಲೆ ಸ್ಪೀಕರಲ್ಲಿ ಸಣ್ಣಗೆ ಗುಂಯ್ ಅನ್ನೋದು, ಅದು ಗ್ರೌಂಡ್ ಲೂಪು, ಅಂದ್ರೆ ಅರ್ಥಿಂಗ್ ದಾರಿಗಳು ಸುತ್ತು ಹಾಕ್ಕೊಂಡು ಬರೋ ಸದ್ದು. ಚಾರ್ಜರ್ ಕಿತ್ತಾಗ ನಿಂತ್ರೆ ಖಾತ್ರಿ ಆಯ್ತು ಅಂತ್ಲೇ. ಅದಕ್ಕೂ ದೊಡ್ಡ ಸರ್ವರ್ ಬೇಕಿಲ್ಲ, ಕಂಪ್ಯೂಟರನ್ನ ಬೇರೆ ರೂಮಿಗೆ ಸಾಗಿಸಿ ಡ್ಯಾಕ್ ಪಕ್ಕ ಒಂದು ಸಣ್ಣ ಪ್ಲೇಯರ್ ಇಟ್ರೆ ಮುಗೀತು, ಫ್ಯಾನ್ ಸದ್ದಿನ ಕಾಟಾನೂ ತಪ್ಪತ್ತೆ.

ಇದ್ರಲ್ಲಿ ಮೂರು ಕೆಲ್ಸ ಬೇರೆಬೇರೆ ಅಂತ ಇಟ್ಕೊಂಡ್ರೆ ಅರ್ಧ ಗೊಂದಲ ಹೋಗತ್ತೆ. ಹಾಡು ಇಟ್ಕೊಂಡಿರೋದು ಸರ್ವರ್, ಡ್ಯಾಕಿಗೆ ಕೊಡೋದು ಪ್ಲೇಯರ್, ಕೈಯಲ್ಲಿರೋ ಫೋನು ಬರೀ ರಿಮೋಟು. ರೆಡಿಮೇಡ್ ಪೆಟ್ಟಿಗೇಲಿ ಮೊದಲ್ನೇದೆರಡೂ ಒಟ್ಟಿಗಿರತ್ತೆ, ಕೆಲವದ್ರಲ್ಲಿ ಸಿಡಿ ಡ್ರೈವೂ ಇರತ್ತೆ, ಸಿಡಿ ತುರುಕಿದ್ರೆ ತಾನೇ ರಿಪ್ ಮಾಡ್ಕೊಳ್ಳತ್ತೆ, ಅಂದ್ರೆ ಹಾಡುಗಳನ್ನ ಫೈಲಾಗಿ ತೆಗ್ದಿಟ್ಕೊಳ್ಳತ್ತೆ. ನೀವು ದುಡ್ಡು ಕೊಡೋದು ಆ ಅನುಕೂಲಕ್ಕೆ. ಕಂಪ್ಯೂಟರ್ ಅಂದ್ರೇನೇ ಅಲರ್ಜಿ ಅನ್ನೋವ್ರಿಗೆ ಅದೇನೂ ತಪ್ಪಲ್ಲ.

ಆದ್ರೆ ದಿನಾ ನಿಮ್ ಕೈಗೆ ಸಿಗೋದು ಪೆಟ್ಟಿಗೆ ಅಲ್ಲ, ಆಪು. ನಾನಾಗಿದ್ರೆ ಸಾಫ್ಟ್‌ವೇರ್ ಮೊದ್ಲು ಆರಿಸಿ ಆಮೇಲೆ ಹಾರ್ಡ್‌ವೇರ್ ನೋಡ್ತೀನಿ. ಸ್ಕ್ವೀಜ್‌ಬಾಕ್ಸ್ ಕಥೆ ಗೊತ್ತಿದ್ರೆ ಯಾಕೆ ಅಂತ ಗೊತ್ತಾಗತ್ತೆ: ಸ್ಲಿಮ್ ಡಿವೈಸಸ್ ಅನ್ನೋ ಸಣ್ಣ ಕಂಪನಿ ಈ ಹೆಸರಿನ ನೆಟ್‌ವರ್ಕ್ ಪ್ಲೇಯರ್ ಪೆಟ್ಟಿಗೆಗಳನ್ನ ಮಾಡ್ತಿತ್ತು, 2006ರಲ್ಲಿ ಲಾಜಿಟೆಕ್ ಕೊಂಡ್ಕೊಳ್ತು, 2012ರಲ್ಲಿ ಆ ಸಾಲೇ ನಿಲ್ಲಿಸ್ತು, ಆದ್ರೆ ಅದರ ಸರ್ವರ್ ಸಾಫ್ಟ್‌ವೇರ್ ಓಪನ್ ಸೋರ್ಸ್ (ಯಾರು ಬೇಕಾದ್ರೂ ಕೋಡ್ ನೋಡಿ ತಿದ್ದಬಹುದಾದದ್ದು) ಆಗಿದ್ದರಿಂದ ಜನ ಅದನ್ನ ಬಿಡ್ಲಿಲ್ಲ, ಈಗ ಲಿರಿಯನ್ ಮ್ಯೂಸಿಕ್ ಸರ್ವರ್ ಅಂತ ಹೆಸರು ಬದಲಾಯಿಸ್ಕೊಂಡು ನಡೀತಾನೇ ಇದೆ, ಹಳೇ ಪೆಟ್ಟಿಗೆಗಳೂ ಅದರ ಜೊತೆ ಇನ್ನೂ ಹಾಡ್ತಿದಾವೆ. ಕಂಪನಿಯ ಸ್ವಂತ ಆಪ್ ಮೇಲೆ ಮಾತ್ರ ನಡಿಯೋ ಪೆಟ್ಟಿಗೆಗೆ ಆ ಅದೃಷ್ಟ ಇರಲ್ಲ, ಆಪ್ ಅಪ್‌ಡೇಟ್ ನಿಂತ ದಿನ ಚೆಂದದ ಅಲ್ಯೂಮಿನಿಯಂ ಡಬ್ಬ ಅಷ್ಟೆ.

ಲಿರಿಯನ್ ಫ್ರೀ, ಹಳೇ ಲ್ಯಾಪ್‌ಟಾಪು, ನ್ಯಾಸು (ಮನೆ ನೆಟ್‌ವರ್ಕಿಗೆ ಸಿಕ್ಕಿಸೋ ಡಿಸ್ಕ್ ಪೆಟ್ಟಿಗೆ), ರಾಸ್ಪ್‌ಬೆರಿ ಪೈ (ಅಂಗೈಯಷ್ಟಿರೋ ಪುಟ್ಟ ಕಂಪ್ಯೂಟರ್) ಎಲ್ಲದ್ರಲ್ಲೂ ಓಡತ್ತೆ. ಮುಖಪುಟ ಸ್ವಲ್ಪ ಹಳೇ ಕಾಲದ್ದು ಅನ್ಸತ್ತೆ, ಅಭ್ಯಾಸ ಆಗತ್ತೆ. ರೂನ್ ಅನ್ನೋ ಇನ್ನೊಂದು ಸರ್ವರ್ ಸಾಫ್ಟ್‌ವೇರ್ ನೋಡೋಕೆ ಬಲು ಚೆಂದ, ಯಾರು ಯಾವ ಆಲ್ಬಮ್ಮಲ್ಲಿ ಏನ್ ನುಡಿಸಿದಾರೆ ಅಂತ ಒಂದರಿಂದ ಒಂದಕ್ಕೆ ಹೋಗ್ತಾ ಗಂಟೆ ಕಳೆದಿದ್ದೇ ಗೊತ್ತಾಗಲ್ಲ, ಆದ್ರೆ ಚಂದಾ ಕಟ್ಬೇಕು, ಸುಮಾರಾಗಿ ಗಟ್ಟಿ ಕಂಪ್ಯೂಟರ್ರೂ ಬೇಕು, ಪೈ ಅದಕ್ಕೆ ಪ್ಲೇಯರ್ ಆಗತ್ತೆ, ಸರ್ವರ್ ಆಗಲ್ಲ. 2023ರಲ್ಲಿ ಹರ್ಮನ್ ಕಂಪನಿ ರೂನನ್ನ ಕೊಂಡ್ಕೊಂಡಿದೆ.

ಮೂರನೇ ದಾರಿ ಯುಪಿಎನ್‌ಪಿ, ಅಂದ್ರೆ ಬೇರೆಬೇರೆ ಕಂಪನಿಯ ಸರ್ವರ್, ಪ್ಲೇಯರ್ ಒಂದಕ್ಕೊಂದು ಮಾತಾಡೋಕೆ ಇರೋ ಸಾಮಾನ್ಯ ನಿಯಮ, ಸುಮಾರು ಎಲ್ಲಾ ಸ್ಟ್ರೀಮರ್ (ನೆಟ್‌ವರ್ಕ್ ಪ್ಲೇಯರ್) ಡಬ್ಬದ ಮೇಲೂ ಅದೋ ಡಿಎಲ್‌ಎನ್‌ಎ ಅಂತಲೋ ಬರ್ದಿರತ್ತೆ. ಇದ್ರಲ್ಲೊಂದು ಕಿರಿಕ್ ಇದೆ, ಯಾರೂ ಮೊದ್ಲೇ ಹೇಳಲ್ಲ. ಹಾಡಿನ ಪಟ್ಟಿ ಪ್ಲೇಯರಲ್ಲಿ ಇರಲ್ಲ, ಸಾಮಾನ್ಯವಾಗಿ ಫೋನಿನ ಆಪಲ್ಲಿ ಇರತ್ತೆ. ಒಂದು ಹಾಡು ಮುಗಿದಾಗ ಮುಂದಿಂದು ಯಾವ್ದು ಅಂತ ಫೋನ್ ಹೇಳ್ಬೇಕು, ಅಷ್ಟ್ರಲ್ಲಿ ನೀವು ಫೋನ್ ಜೇಬಲ್ಲಿಟ್ಕೊಂಡು ಹೊರಗೆ ಹೋಗಿದ್ರೆ ಅಥವಾ ಬ್ಯಾಟರಿ ಉಳಿಸೋಕೆ ಅಂತ ಫೋನೇ ಆ ಆಪನ್ನ ಮಲಗಿಸ್ಬಿಟ್ರೆ ಮನೇಲಿ ಮಿಕ್ಕವರಿಗೆ ಹಾಡು ನಿಂತೋಗತ್ತೆ. ಲಿನ್ ಅನ್ನೋ ಆಡಿಯೋ ಕಂಪನಿ ಯುಪಿಎನ್‌ಪಿಗೆ ಸೇರಿಸಿ ತಂದ ಓಪನ್‌ಹೋಮ್ ಇದ್ರೆ ಪಟ್ಟಿ ಪ್ಲೇಯರಲ್ಲೇ ಉಳಿಯತ್ತೆ, ತಗೊಳ್ಳೋ ಮುಂಚೆ ಅದಿದ್ಯಾ ಅಂತ ಕೇಳಿ.

ಇನ್ನೊಂದು ಪರೀಕ್ಷೆ, ಹಾಡುಗಳ ಮಧ್ಯೆ ಗ್ಯಾಪ್ ಬರ್ದೆ ನುಡಿಸೋದು, ಅಂದ್ರೆ ಗ್ಯಾಪ್‌ಲೆಸ್. ಲೈವ್ ಕಛೇರಿ ರೆಕಾರ್ಡಿಂಗ್ ಒಂದನ್ನ ಹಾಕಿ, ಎರಡು ಟ್ರ್ಯಾಕ್ ಮಧ್ಯೆ ಚಪ್ಪಾಳೆ ನಡೀತಿರೋ ಜಾಗಕ್ಕೆ ಕಿವಿ ಕೊಡಿ. ಚಪ್ಪಾಳೆ ಕತ್ತರಿಸಿದಂಗೆ ನಿಂತು, ಅರ್ಧ ಸೆಕೆಂಡ್ ಮೌನ, ಮತ್ತೆ ಶುರು ಆಯ್ತಾ? ಅದು ಬೇಡ. ಬೆಲೆ ಜಾಸ್ತಿ ಇದ್ದಕ್ಕೆ ಇದು ಸರಿ ಇರತ್ತೆ ಅಂತೇನಿಲ್ಲ.

ಸ್ಟೋರೇಜ್ ಲೆಕ್ಕ ಸುಲಭ. ಒಂದು ಗಂಟೆಯ ಸಿಡಿ ಹಂಗೇ ಇಟ್ರೆ ಸುಮಾರು 635 ಎಂಬಿ, ಫ್ಲಾಕ್ ಅನ್ನೋ ಕುಗ್ಗಿಸಿದ ಫೈಲ್ ಮಾಡಿದ್ರೆ ಒಂದು ಬಿಟ್ಟೂ ಕಳೀದೆ 300ರಿಂದ 400ಕ್ಕೆ ಇಳಿಯತ್ತೆ. 600 ಸಿಡಿ ಅಂದ್ರೆ 250 ಜಿಬಿ ಒಳಗೆ, 1 ಟಿಬಿ ಧಾರಾಳ. ವೈಫೈ ಸಾಕಾಗತ್ತಾ ಅಂದ್ರೆ, ಸಿಡಿ ಡೇಟಾಗೆ ಸೆಕೆಂಡಿಗೆ ಬೇಕಿರೋದು 1.4 ಮೆಗಾಬಿಟ್, ಸಿಡಿಗಿಂತ ಹೆಚ್ಚು ವಿವರದ 24 ಬಿಟ್ 192 ಕಿಲೋಹರ್ಟ್ಸ್ ಆದ್ರೂ 9ರ ಆಸುಪಾಸು, ಸಿಗ್ನಲ್ ಸರಿಯಾಗಿದ್ರೆ ಸಾಕು. ತಡೆತಡೆದು ಬರ್ತಿದ್ರೆ ಒಂದು ಸಾದಾ ನೆಟ್‌ವರ್ಕ್ ಕೇಬಲ್ ಎಳೀರಿ. ನ್ಯಾಸಲ್ಲಿ ರೇಡ್ (ಅದೇ ಡೇಟಾನ ಎರಡು ಡಿಸ್ಕಲ್ಲೂ ಬರೆಯೋ ವ್ಯವಸ್ಥೆ) ಇದೆ ಅಂತ ಬ್ಯಾಕಪ್ ಬಿಡ್ಬೇಡಿ, ರೇಡಲ್ಲಿ ಒಂದು ಫೋಲ್ಡರ್ ಕೈತಪ್ಪಿ ಡಿಲೀಟ್ ಆದ್ರೆ ಎರಡೂ ಡಿಸ್ಕಲ್ಲಿ ಅದೇ ಕ್ಷಣ ಹೋಗತ್ತೆ. ಬೇರೆ ಡ್ರೈವಲ್ಲಿ ಒಂದು ಕಾಪಿ ಮಾಡಿ ಬೀರುವಲ್ಲಿಡಿ.

ನಿಜವಾದ ಕೆಲ್ಸ ಇರೋದು ರಿಪ್ಪಿಂಗು ಮತ್ತೆ ಟ್ಯಾಗಲ್ಲಿ (ಫೈಲ್ ಒಳಗೆ ಬರ್ದಿರೋ ಹಾಡು, ಆಲ್ಬಮ್, ಗಾಯಕರ ಹೆಸರು), ಇಲ್ಲಿ ಅವಸರ ಮಾಡಿದ್ರೆ ಯಾವ ಸರ್ವರ್ ತಂದ್ರೂ ಸುಖ ಇಲ್ಲ. ವಿಂಡೋಸ್ ಆದ್ರೆ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನೋ ರಿಪ್ಪಿಂಗ್ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಅದ್ರಲ್ಲಿ ಅಕ್ಯುರೇಟ್‌ರಿಪ್ ಆನ್ ಮಾಡಿದ್ರೆ ನಿಮ್ ರಿಪ್ಪಿನ ಚೆಕ್‌ಸಮ್ಮನ್ನ (ಡೇಟಾದಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಅದೇ ಸಿಡಿ ರಿಪ್ ಮಾಡಿದ ಬೇರೆಯವರದ್ರ ಜೊತೆ ತಾಳೆ ಹಾಕಿ ನೋಡತ್ತೆ, ಹೊಂದಿದ್ರೆ ಆ ಸಿಡಿ ಮತ್ತೆ ಮುಟ್ಟೋ ಅಗತ್ಯ ಇಲ್ಲ. ಗೀಚಿರೋ ಸಿಡಿ ಯಾವ್ದು ಅಂತ ಅಲ್ಲೇ ಗೊತ್ತಾಗತ್ತೆ. ಕುಗ್ಗಿಸದ ವೇವ್ ಫೈಲಲ್ಲಿ ಟ್ಯಾಗ್ ಸರಿಯಾಗಿ ನಿಲ್ಲಲ್ಲ, ಫ್ಲಾಕೇ ಮಾಡಿ. ಫ್ಲಾಕ್ ಟ್ಯಾಗುಗಳು ಯೂನಿಕೋಡೇ, ಹಾಡಿನ ಹೆಸರು ಕನ್ನಡದಲ್ಲೇ ಬರ್ಕೊಬಹುದು, ಆದ್ರೆ ಪೆಟ್ಟಿಗೆಯ ಪುಟ್ಟ ಡಿಸ್‌ಪ್ಲೇಲಿ ಕನ್ನಡ ಫಾಂಟ್ ಇಲ್ದೆ ಚೌಕ ಚೌಕ ಕಂಡ್ರೆ ಗಾಬರಿ ಆಗ್ಬೇಡಿ, ಫೋನಲ್ಲಿ ಸರಿ ಕಾಣತ್ತೆ.

ಟ್ಯಾಗಲ್ಲಿ ಮುಖ್ಯವಾದದ್ದು ಆಲ್ಬಮ್ ಆರ್ಟಿಸ್ಟ್ ಅನ್ನೋ ಜಾಗ. ಹದಿನಾಲ್ಕು ಗಾಯಕರು ಹಾಡಿರೋ ಒಂದು ಸಂಕಲನ ಇದೆ ಅಂದ್ಕೊಳ್ಳಿ, ಅದನ್ನ ಖಾಲಿ ಬಿಟ್ರೆ ಎಷ್ಟೋ ಸಾಫ್ಟ್‌ವೇರ್ ಅದನ್ನ ಒಂದೊಂದೇ ಹಾಡಿರೋ ಹದಿನಾಲ್ಕು ಆಲ್ಬಮ್ ಮಾಡಿ ಹರಡತ್ತೆ, ಅದೇ ಕವರ್ ಚಿತ್ರ ಹದಿನಾಲ್ಕು ಸಲ. ಎಲ್ಲಾ ಟ್ರ್ಯಾಕಿಗೂ ಅಲ್ಲಿ ಒಂದೇ ಹೆಸರು ಕೊಟ್ರೆ ಕೂಡ್ಕೊಳ್ಳತ್ತೆ. ಎರಡು ಡಿಸ್ಕಿನ ಸೆಟ್ಟಿಗೆ ಡಿಸ್ಕ್ ನಂಬರ್ ಹಾಕಿ, ಇಲ್ಲಾಂದ್ರೆ ಎರಡು ಒಂದನೇ ಹಾಡು, ಎರಡು ಎರಡನೇ ಹಾಡು ಹಿಂಗೆ ಬರತ್ತೆ. ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಹೆಚ್ಚಿನ ಕೆಲ್ಸ ಅದೇ ಮಾಡತ್ತೆ, ಅಪರೂಪದ ಸಿಡಿಗಳಿಗೆ ಕೂತು ಟೈಪ್ ಮಾಡ್ಬೇಕು, ಬೇರೆ ದಾರಿ ಇಲ್ಲ. ಟ್ಯಾಗ್ ಫೈಲ್ ಒಳಗೇ ಇರ್ಲಿ, ಸರ್ವರಿನ ಡೇಟಾಬೇಸಲ್ಲಿ ಮಾತ್ರ ತಿದ್ದಿದ್ರೆ ನಾಳೆ ಸರ್ವರ್ ಬದಲಾಯಿಸಿದಾಗ ಅಷ್ಟೂ ಶ್ರಮ ನೀರುಪಾಲು.

ಆದ್ರಿಂದ ಈಗ್ಲೇ ಏನೂ ತಗೋಬೇಡಿ. ಇರೋ ಲ್ಯಾಪ್‌ಟಾಪಲ್ಲಿ ಲಿರಿಯನ್ ಹಾಕಿ, ಇಪ್ಪತ್ತು ಸಿಡಿ ರಿಪ್ ಮಾಡಿ, ಅದ್ರಲ್ಲೊಂದು ಲೈವ್, ಒಂದು ಸಂಕಲನ, ಒಂದು ಡಬಲ್ ಸಿಡಿ ಇರ್ಲಿ, ಒಂದಷ್ಟು ದಿನ ಮನೆಯವರ ಕೈಗೂ ಫೋನ್ ಕೊಟ್ಟು ನೋಡಿ. ಹಿಡಿಸಿದ್ರೆ ಡ್ಯಾಕ್ ಪಕ್ಕಕ್ಕೆ ಒಂದು ರಾಸ್ಪ್‌ಬೆರಿ ಪೈ 4 ಸಾಕು, ಹಿಂದಿನ ಮಾಡೆಲಲ್ಲಿ ಯುಎಸ್‌ಬಿ ಮತ್ತೆ ನೆಟ್‌ವರ್ಕ್ ಒಂದೇ ದಾರೀಲಿ ನುಗ್ತಿತ್ತು, 4ರಲ್ಲಿ ಬೇರೆ ಮಾಡಿದಾರೆ. ಹಿಡಿಸ್ಲಿಲ್ಲ, ರೂನ್ ಥರದ್ದೇ ಬೇಕು ಅಂದ್ರೆ ಅದರ ಟ್ರಯಲ್ಲನ್ನ ಇದೇ ಫೈಲುಗಳ ಮೇಲೆ ಓಡಿಸಿ ನೋಡ್ಬಹುದು. ಡ್ಯಾಕ್ ಯಾವ ಮಾಡೆಲ್ ಅಂತ ಕಾಮೆಂಟಲ್ಲಿ ಹಾಕಿ, ಅದ್ರಲ್ಲಿ ನೆಟ್‌ವರ್ಕ್ ಪೋರ್ಟ್ ಇದ್ರೆ ಪೈ ಕೂಡ ಬೇಕಾಗ್ದೇ ಇರಬಹುದು.