ರೇಟ್ ಹೇಳಲು ಬಾಯಿ ಬಾರದ ಮೇಕಪ್ ಕಲಾವಿದೆ: ಒಂದು ಆಪ್ತಸಲಹೆ ಪ್ರಕರಣ

ಕೊಡಗಿನಲ್ಲಿ ಮೇಕಪ್ ಕಲಿತು ಸ್ವಂತ ದುಡಿಮೆ ಶುರು ಮಾಡಿದ ಹೆಣ್ಣುಮಕ್ಕಳು ಈಚೆಗೆ ನನ್ನ ಬಳಿ ಬರುವುದು ಜಾಸ್ತಿಯಾಗಿದೆ. ಯಾರೂ ಮೇಕಪ್ ಸಮಸ್ಯೆ ಅಂತ ಬರುವುದಿಲ್ಲ. ರಾತ್ರಿ ನಿದ್ದೆ ಬರಲ್ಲ, ಎದೆ ಡವಡವ ಅನ್ನುತ್ತೆ, ಫೋನ್ ರಿಂಗ್ ಆದ್ರೆ ಕೈ ನಡುಗುತ್ತೆ ಅಂತ ಬರುತ್ತಾರೆ. ಅಂಥ ಒಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು, ಊರು, ಮನೆಯ ವಿವರಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಇದೇ ದಾರಿ ಹಿಡಿದವರಿಗೆ ಉಪಯೋಗ ಆಗಲಿ ಅನ್ನುವುದಷ್ಟೇ ಆಸೆ.

ಇವರನ್ನು ರಮ್ಯಾ ಅನ್ನೋಣ. ವಯಸ್ಸು 26. ಸೋಮವಾರಪೇಟೆ ಕಡೆಯವರು. ಡಿಗ್ರಿ ಮುಗಿಸಿ, ಬೆಂಗಳೂರಿನಲ್ಲಿ ಮೂರು ತಿಂಗಳ ಬ್ರೈಡಲ್ ಮೇಕಪ್ ಕೋರ್ಸ್ ಮಾಡಿ ಬಂದಿದ್ದರು. ಕೋರ್ಸಿಗೂ ಮೊದಲ ಕಿಟ್ಟಿಗೂ ಸೇರಿ ಎರಡು ಲಕ್ಷದ ಹತ್ತಿರ ಖರ್ಚು. ಅಮ್ಮನ ಬಳೆಗಳು ಸಹಕಾರ ಸಂಘದಲ್ಲಿ ಅಡವಿಗೆ ಹೋದವು. ಅಪ್ಪ ಇಲ್ಲ. ಸ್ವಲ್ಪ ಕಾಫಿ, ನಡುವೆ ಕರಿಮೆಣಸು, ಅದನ್ನು ಅಣ್ಣ ನೋಡಿಕೊಳ್ಳುತ್ತಾನೆ.

ಊರಿಗೆ ಬಂದ ಹೊಸದರಲ್ಲೇ ಚಿಕ್ಕಮ್ಮನ ಮಗಳ ಮದುವೆ ಬಂತು. ಮನೆಯ ಮದುವೆ ಅಲ್ವಾ, ರಮ್ಯಾನೇ ಮೇಕಪ್ ಮಾಡಿದರು. ಎದುರಿಗೆ ನೋಡಿದಾಗ ಚೆನ್ನಾಗಿಯೇ ಇತ್ತು. ಆದರೆ ರಾತ್ರಿಯ ಆರತಕ್ಷತೆಯ ಫ್ಲ್ಯಾಶ್ ಫೋಟೋಗಳಲ್ಲಿ ಮದುಮಗಳ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗೆ ಬಂದಿತ್ತು, ಕುತ್ತಿಗೆ ಬೇರೆಯದೇ ಬಣ್ಣ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಯಾರೋ "ಲಕ್ಷಗಟ್ಟಲೆ ಸುರಿದು ಇದನ್ನ ಕಲಿತು ಬಂದ್ಲಾ" ಅಂತ ಹಾಕಿದರು. ಚಿಕ್ಕಮ್ಮ ದುಡ್ಡಿನ ಮಾತು ಎತ್ತಲಿಲ್ಲ. ರಮ್ಯಾ ಕೇಳಲೂ ಇಲ್ಲ.

ಅದಾದ ಮೇಲೆ ಬುಕಿಂಗ್ ಬಂದರೆ ಭಯ, ಬರದಿದ್ದರೆ ಇನ್ನೂ ಭಯ. ನನ್ನ ಬಳಿ ಬಂದಾಗ ಊಟ ಅರ್ಧಕ್ಕೆ ಇಳಿದಿತ್ತು. ಬೆಳಗಿನ ಜಾವ ಎದ್ದು ಕೂತು ಫೋನಿನಲ್ಲಿ ಬೇರೆಯವರ ಬ್ರೈಡಲ್ ಫೋಟೋ ನೋಡುತ್ತಿದ್ದರು. ಮೊದಲು ಡಾಕ್ಟರ ಹತ್ತಿರ ಕಳಿಸಿ ಥೈರಾಯ್ಡ್, ರಕ್ತಹೀನತೆ ಏನಾದರೂ ಇದೆಯಾ ಅಂತ ನೋಡಿಸಿದೆ. ಇರಲಿಲ್ಲ. ಜೀವ ಬೇಡ ಅನ್ನಿಸುತ್ತದಾ ಅಂತ ನೇರವಾಗಿಯೇ ಕೇಳಿದೆ. ಇಲ್ಲ ಅಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ನಂಬರನ್ನು ಫೋನಿನಲ್ಲಿ ಸೇವ್ ಮಾಡಿಸಿದೆ. ಅದು ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ, ಹೊತ್ತಲ್ಲದ ಹೊತ್ತಿನಲ್ಲೂ ಸಿಗುತ್ತಾರೆ.

ಆಮೇಲೆ ಕಿಟ್ ತನ್ನಿ ಅಂದೆ. ಎರಡು ದೊಡ್ಡ ಟ್ರಾಲಿ ಬಂದವು. ಎಲ್ಲವನ್ನೂ ಮೇಜಿನ ಮೇಲೆ ಹರಡಿಸಿದೆ. ಹನ್ನೊಂದು ಫೌಂಡೇಶನ್, ಅದರಲ್ಲಿ ಐದು ಹೆಚ್ಚುಕಡಿಮೆ ಒಂದೇ ಶೇಡ್. ಕೆಂಪು ಲಿಪ್‌ಸ್ಟಿಕ್ಕೇ ಒಂದು ಸಾಲು. ಸೀಲ್ ಒಡೆಯದ ಐಶ್ಯಾಡೋ ಪ್ಯಾಲೆಟ್ ಎರಡು. ಒಂದೊಂದನ್ನೂ ಕೈಗೆ ತಗೊಂಡು, ಇದನ್ನು ಯಾವತ್ತು ಕೊಂಡಿದ್ದು, ಆ ದಿನ ಏನಾಗಿತ್ತು ಅಂತ ಕೇಳುತ್ತಾ ಹೋದೆ. ಅರ್ಧಕ್ಕೆ ಬರುವಷ್ಟರಲ್ಲಿ ಅವರೇ ನಿಲ್ಲಿಸಿದರು. "ಮೇಡಂ, ಯಾರಾದ್ರೂ ಏನಾದ್ರೂ ಅಂದ ದಿನವೇ ಆರ್ಡರ್ ಹಾಕಿದ್ದೀನಿ" ಅಂದರು. ಒಂದು ಪಾರ್ಟಿ ರೇಟ್ ಜಾಸ್ತಿ ಅಂತ ಫೋನ್ ಇಟ್ಟ ರಾತ್ರಿ, ಫೌಂಡೇಶನ್ನಿಗೆ ಮೊದಲು ಹಚ್ಚುವ ಒಂದು ಪ್ರೈಮರ್. ಚಿಕ್ಕಮ್ಮ ದೇವಸ್ಥಾನದಲ್ಲಿ ಸಿಕ್ಕಿದರೂ ಮಾತಾಡಿಸದೆ ಹೋದ ದಿನ ಆ ಪ್ಯಾಲೆಟ್. ಕ್ರೆಡಿಟ್ ಕಾರ್ಡಿನಲ್ಲಿ ನಲವತ್ತು ಸಾವಿರ ಹೀಗೆ ಸೇರಿತ್ತು.

ಈ ಪ್ರಕರಣದ ಗಂಟು ಇದೇ ಅಂತ ನನಗೆ ಅನ್ನಿಸಿತು. ಇನ್ನೂ ಒಳ್ಳೆ ಪ್ರಾಡಕ್ಟ್ ಇದ್ದರೆ ಯಾರೂ ಏನೂ ಅನ್ನಲ್ಲ, ಆಗ ಧೈರ್ಯವಾಗಿ ದುಡ್ಡು ಕೇಳಬಹುದು ಅಂತ ಅವರ ಲೆಕ್ಕ. ಕೇಳುವ ದಿನ ಬರಲೇ ಇಲ್ಲ, ಸಾಮಾನು ಮಾತ್ರ ಬಂತು. ಪುಟ್ಟ ಜಿಲ್ಲೆ ನಮ್ಮದು. ಫೋನ್ ಮಾಡುವವರೆಲ್ಲ ಯಾರದೋ ಅತ್ತಿಗೆ, ಯಾರದೋ ಕ್ಲಾಸ್‌ಮೇಟ್. ಇಲ್ಲಿ ರೇಟ್ ಹೇಳುವುದು ಅಂದರೆ ಸಂಬಂಧದ ಮಧ್ಯೆ ದುಡ್ಡು ತಂದಂತೆ ಅಂತ ನಮ್ಮ ಹೆಣ್ಣುಮಕ್ಕಳಿಗೆ ಅನ್ನಿಸಿಬಿಡುತ್ತದೆ. ಅದೇ ಊರಿನಲ್ಲಿ ಫೋಟೋದವರಿಗೆ, ಶಾಮಿಯಾನದವರಿಗೆ, ಅಡುಗೆಯವರಿಗೆ ಯಾರೂ ಬಾಕಿ ಉಳಿಸುವುದಿಲ್ಲ. ಇದನ್ನು ನೆನೆದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಹಾಗಂತ ಫೋಟೋ ಕೆಟ್ಟಿದ್ದು ಸುಳ್ಳಲ್ಲ. ಅದು ಯಾಕೆ ಆಯಿತು ಅಂತ ಗೊತ್ತಾಗದೆ ಭಯ ಹೋಗುವುದಿಲ್ಲ. ರಮ್ಯಾ ಒಪ್ಪಿದ ಮೇಲೆ, ಮೈಸೂರಿನಲ್ಲಿ ಬಹಳ ವರ್ಷದಿಂದ ಮದುಮಕ್ಕಳ ಮೇಕಪ್ ಮಾಡುತ್ತಿರುವ ಹಿರಿಯ ಕಲಾವಿದೆಯೊಬ್ಬರನ್ನು ಒಂದು ದಿನ ಜೊತೆಗೆ ಕೂರಿಸಿಕೊಂಡೆ. ಅವರು ಹೇಳಿದ್ದನ್ನು ಹೊಸಬರಿಗಾಗಿ ಇಲ್ಲಿ ಸ್ವಲ್ಪ ವಿವರವಾಗಿಯೇ ಹಾಕುತ್ತೇನೆ.

ಮುಖ ಬೆಳ್ಳಗಾಗಿದ್ದು ಫ್ಲ್ಯಾಶ್‌ಬ್ಯಾಕ್. ಸಿಲಿಕಾ ಜಾಸ್ತಿ ಇರುವ ಹೆಚ್‌ಡಿ ಪೌಡರನ್ನು ದಪ್ಪಗೆ ಹಾಕಿದರೆ, ಅಥವಾ ಎಸ್‌ಪಿಎಫ್‌ಗಾಗಿ, ಅಂದರೆ ಬಿಸಿಲಿನಿಂದ ಚರ್ಮ ಕಾಯಲು, ಟೈಟಾನಿಯಂ ಡೈಆಕ್ಸೈಡ್, ಜಿಂಕ್ ಆಕ್ಸೈಡ್ ಸೇರಿಸಿದ ಬೇಸ್ ಹಾಕಿದರೆ, ಫ್ಲ್ಯಾಶ್ ಬೆಳಕು ಅದಕ್ಕೆ ಬಡಿದು ವಾಪಸ್ ಕ್ಯಾಮೆರಾಕ್ಕೆ ಬರುತ್ತದೆ. ಬರಿಗಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಮದುಮಗಳನ್ನು ಎಬ್ಬಿಸುವ ಮೊದಲು ಲೈಟ್ ಆರಿಸಿ, ಫೋನಿನ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆದು ನೋಡಬೇಕು. ರಾತ್ರಿ ಕಾರ್ಯಕ್ರಮಕ್ಕೆ ಎಸ್‌ಪಿಎಫ್ ಇಲ್ಲದ ಫೌಂಡೇಶನ್, ಪೌಡರ್ ತೆಳ್ಳಗೆ, ಉಳಿದದ್ದನ್ನು ಬ್ರಶ್‌ನಿಂದ ಪೂರ್ತಿ ಕೊಡವಬೇಕು.

ಶೇಡ್ ನೋಡುವುದು ಕೈ ಮೇಲೆ ಅಲ್ಲ. ದವಡೆಯಿಂದ ಕುತ್ತಿಗೆಗೆ ಎಳೆದು, ಕಿಟಕಿಯ ಬೆಳಕಿನಲ್ಲಿ. ಹಾಕಿದ ತಕ್ಷಣ ತೀರ್ಮಾನ ಮಾಡಬಾರದು, ಕೆಲವು ಫೌಂಡೇಶನ್ 10-15 ನಿಮಿಷದಲ್ಲಿ ಕಪ್ಪಾಗುತ್ತವೆ. ಮನೆಯವರು "ಇನ್ನೂ ಸ್ವಲ್ಪ ಬೆಳ್ಳಗೆ ಮಾಡು" ಅಂತ ಹಿಂದೆ ನಿಂತು ಹೇಳುತ್ತಾರೆ. ಮಾಡಬಾರದು. ಹನ್ನೊಂದು ಬಾಟಲಿ ಬೇಡ, ಬೆಳ್ಳಗಿನಿಂದ ಕಪ್ಪಿನವರೆಗೆ ನಾಲ್ಕು ಶೇಡ್ ಇದ್ದರೆ ಬೆರೆಸಿಕೊಂಡು ನಡೆಸಬಹುದು. ಪ್ರೈಮರೂ ಫೌಂಡೇಶನ್ನೂ ಹೊಂದಬೇಕು. ಸಿಲಿಕೋನ್ ಪ್ರೈಮರಿನ ಮೇಲೆ ನೀರಿನ ಬೇಸ್ ಹಾಕಿದರೆ ಒಂದೆರಡು ಗಂಟೆಯಲ್ಲಿ ಮೂಗಿನ ಪಕ್ಕ ಒಡೆಯಬಹುದು. ಡಬ್ಬಿಯ ಮೇಲಿನ ಸಾಮಗ್ರಿಗಳ ಪಟ್ಟಿಯ ಮೊದಲಲ್ಲೇ ಡೈಮೆಥಿಕೋನ್ ಅಂತ ಇದ್ದರೆ ಅದು ಸಿಲಿಕೋನ್ ಅಂತ ತಿಳಿದುಕೊಳ್ಳಿ.

ಕೊಡವ ಮದುವೆಗಳಲ್ಲಿ ಇನ್ನೊಂದು ವಿಷಯ ಇದೆ. ಮದುಮಗಳ ತಲೆಗೆ ವಸ್ತ್ರ ಕಟ್ಟುತ್ತಾರೆ, ಹಣೆಯ ಅಂಚಿನ ಬೇಸ್ ಅದಕ್ಕೆ ಮೆತ್ತಿಕೊಳ್ಳುತ್ತದೆ. ಅಲ್ಲಿ ಕ್ರೀಮ್ ಕಡಿಮೆ, ಪೌಡರ್ ಒತ್ತಿ ಹಾಕಬೇಕು. ಗಂಗಾಪೂಜೆಯ ಹೊತ್ತಿಗೆ ಮದುಮಗಳು ಬಿಂದಿಗೆ ಹೊತ್ತು ನಿಂತಿರುತ್ತಾಳೆ, ಎದುರಿಗೆ ವಾಲಗಕ್ಕೆ ಕುಣಿಯುವವರು ದಾರಿ ಬಿಡುವುದಿಲ್ಲ, ಗಂಟೆಗಟ್ಟಲೆ ಆಗಬಹುದು. ಬೆವರು, ಕಣ್ಣೀರು ಎರಡೂ ಬರುವ ಹೊತ್ತು ಅದು. ಮಸ್ಕಾರ, ಕಾಡಿಗೆ ವಾಟರ್‌ಪ್ರೂಫ್ ಇಲ್ಲದಿದ್ದರೆ ಉಳಿಯುವುದಿಲ್ಲ. ದುಡ್ಡು ಹಾಕುವುದಿದ್ದರೆ ಅಲ್ಲಿ ಹಾಕಿ ಅಂದರು ಆ ಹಿರಿಯರು, ಐಶ್ಯಾಡೋ ಪ್ಯಾಲೆಟ್ಟಿನಲ್ಲಿ ಅಲ್ಲ.

ಆಮೇಲೆ ಅವರು ರಮ್ಯಾ ಅವರ ಒಂದು ಸ್ಪಂಜನ್ನು ಬ್ಲೇಡಿನಲ್ಲಿ ಸೀಳಿ ತೋರಿಸಿದರು. ಹೊರಗೆ ಗುಲಾಬಿ, ತೊಳೆದು ಚೊಕ್ಕವಾಗಿತ್ತು. ಒಳಗೆ ಕಪ್ಪು ಚುಕ್ಕೆ ಚುಕ್ಕೆ ಬೂಷ್ಟು. ನಮ್ಮ ಮಳೆಗಾಲದಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಇನ್ನು ಸ್ಪಂಜಿನ ಹೊಟ್ಟೆ ಒಣಗುತ್ತದಾ? ರಮ್ಯಾ ಬಾಯಿ ಮುಚ್ಚಿಕೊಂಡು ನೋಡುತ್ತಾ ಕೂತರು. ಸ್ಪಂಜು ಒಬ್ಬರಿಗೆ ಒಂದು, ಆಮೇಲೆ ಬಿಸಾಡುವುದು ಅಂತ ಅವತ್ತೇ ತೀರ್ಮಾನ ಆಯಿತು. ಬ್ರಶ್ ತೊಳೆದ ಮೇಲೆ ಕೂದಲು ಕೆಳಮುಖ ಮಾಡಿ ಒಣಗಿಸಬೇಕು, ನೇರ ನಿಲ್ಲಿಸಿದರೆ ನೀರು ಬುಡಕ್ಕೆ ಇಳಿದು ಅಂಟು ಬಿಡುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಬೇಕು. ಲಿಪ್‌ಸ್ಟಿಕ್, ಕ್ರೀಮ್ ಯಾವುದನ್ನೂ ನೇರ ಮುಖಕ್ಕೆ ತಾಗಿಸಬಾರದು, ಸ್ಟೀಲ್ ತಟ್ಟೆಗೆ ತೆಗೆದುಕೊಂಡೇ ಹಚ್ಚಬೇಕು. ತಟ್ಟೆ, ಕತ್ತರಿ ಒರೆಸಲು 70% ಐಸೋಪ್ರೊಪೈಲ್ ಆಲ್ಕೋಹಾಲ್. ಮಸ್ಕಾರದ ಕಡ್ಡಿ ಒಬ್ಬರಿಗೆ ಬಳಸಿ ಎಸೆಯುವಂಥದ್ದು.

ಡಬ್ಬಿಯ ಹಿಂದೆ ತೆರೆದ ಮುಚ್ಚಳದ ಚಿತ್ರದಲ್ಲಿ 6ಎಂ, 12ಎಂ ಅಂತ ಇರುತ್ತದೆ, ತೆರೆದ ಮೇಲೆ ಅಷ್ಟು ತಿಂಗಳು ಅಂತ ಅರ್ಥ. ತೆರೆದ ದಿನವನ್ನು ಟೇಪಿನಲ್ಲಿ ಬರೆದು ಅಂಟಿಸಿದರೆ ಸಾಕು. ಅಗ್ಗಕ್ಕೆ ಸಿಗುವ ಫಾರಿನ್ ಮಾಲಿನ ಬಗ್ಗೆಯೂ ಎಚ್ಚರ ಬೇಕು. ಆಮದಾದ ಸೌಂದರ್ಯವರ್ಧಕದ ಮೇಲೆ ನೋಂದಣಿ ಪ್ರಮಾಣಪತ್ರದ ನಂಬರೂ ಅದನ್ನು ತರಿಸಿದವರ ಹೆಸರು ವಿಳಾಸವೂ ಇರಲೇಬೇಕು. ಇಲ್ಲದಿದ್ದರೆ ಮದುಮಗಳ ಮುಖಕ್ಕೆ ಹಚ್ಚುವ ಮಾತೇ ಬೇಡ. ಮತ್ತೆ, ಮದುವೆಗೆ ಕೆಲವು ದಿನ ಮೊದಲೇ ಟ್ರಯಲ್ ಮಾಡಿ, ಕಿವಿಯ ಹಿಂದೆಯೋ ಮೊಣಕೈ ಒಳಗೋ ಹಚ್ಚಿ 24ರಿಂದ 48 ಗಂಟೆ ನೋಡಬೇಕು. ಕೃತಕ ರೆಪ್ಪೆ ಅಂಟಿಸುವ ಗಮ್ಮನ್ನಂತೂ ಹೀಗೆ ನೋಡದೆ ಬಿಡುವ ಹಾಗೇ ಇಲ್ಲ, ಅದರಲ್ಲಿ ಲೇಟೆಕ್ಸ್ ಇದ್ದರೆ ಅದು ಆಗದವರಿಗೆ ಕಣ್ಣು ಊದಿಕೊಳ್ಳುತ್ತದೆ.

ಇಷ್ಟು ಕೇಳಿದ ಮೇಲೆ ರಮ್ಯಾ ಅವರ ಮುಖದಲ್ಲಿ ಸ್ವಲ್ಪ ಗೆಲುವು ಬಂತು. ತನಗೆ ಕೈಚಳಕವೇ ಇಲ್ಲ ಅಂದುಕೊಂಡಿದ್ದರು. ಆಗಿದ್ದು ಒಂದು ಪೌಡರಿನ ವಿಷಯ.

ಈಗ ದುಡ್ಡಿನ ಕಡೆ ಬಂದೆವು. ಹಿಂದಿನ ಸೀಸನ್ನಿನ ಒಂದು ಮದುವೆಯನ್ನು ಕಾಗದದ ಮೇಲೆ ಬರೆಸಿದೆ. ವಿರಾಜಪೇಟೆಯ ಮದುವೆ, ತಗೊಂಡಿದ್ದು 6,500. ಟ್ಯಾಕ್ಸಿ 3,200. ಸೀರೆ ಉಡಿಸಲು ಜೊತೆಗೆ ಬಂದವಳಿಗೆ 1,000. ಮುಗಿದ ಸಾಮಾನು ಸುಮಾರು 900. ಉಳಿದದ್ದು 1,400. ಬೆಳಗಿನ ಜಾವ ಮೂರಕ್ಕೆ ಹೊರಟು ಮನೆ ಸೇರಿದ್ದು ಸಂಜೆ ಐದಕ್ಕೆ. ಗಂಟೆಗೆ ನೂರು ರೂಪಾಯಿ, ಅದರಲ್ಲೇ ಬಳೆಯ ಬಡ್ಡಿ. ರಮ್ಯಾ ಆ ಕಾಗದವನ್ನು ತುಂಬಾ ಹೊತ್ತು ನೋಡಿದರು.

ರೇಟ್ ಹೇಳಿ ನೋಡೋಣ ಅಂದೆ, ನಾನೇ ಮದುಮಗಳ ತಾಯಿ. ಅವರು ಶುರು ಮಾಡಿದರು: "ಹನ್ನೆರಡು ಸಾವಿರ ಆಗುತ್ತೆ ಆಂಟಿ... ಆದ್ರೆ ಪರವಾಗಿಲ್ಲ, ನಿಮಗೆ ಹೇಗೆ ಅನುಕೂಲವೋ ಹಾಗೆ ಕೊಡಿ." ಆ ಕೊನೆಯ ಮಾತೇ ತೊಂದರೆ. ಎದುರಿನವರು ಇನ್ನೂ ಚೌಕಾಸಿಗೆ ಬಾಯಿ ತೆರೆದಿಲ್ಲ, ಇವರೇ ಇಳಿಸಿ ಆಗಿರುತ್ತದೆ. ಮತ್ತೆ ಮತ್ತೆ ಹೇಳಿಸಿದೆ. "ಹನ್ನೆರಡು ಸಾವಿರ ಆಗುತ್ತೆ ಆಂಟಿ, ಟ್ಯಾಕ್ಸಿ ಬೇರೆ." ಅಷ್ಟೇ, ಆಮೇಲೆ ಸುಮ್ನೆ ಇರಬೇಕು. ಆ ಸುಮ್ಮನಿರುವ ಹೊತ್ತಿನಲ್ಲೇ ಅವರ ಎದೆ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವರುತ್ತಿತ್ತು. ಉಸಿರು ನಿಧಾನಕ್ಕೆ ಬಿಡುತ್ತಾ ಅದನ್ನು ದಾಟುವುದನ್ನು ಅಭ್ಯಾಸ ಮಾಡಿದೆವು. ಮೊದಲು ನನ್ನೆದುರು, ಆಮೇಲೆ ಗೆಳತಿಯ ಜೊತೆ ಫೋನಿನಲ್ಲಿ, ಆಮೇಲೆ ಗುರುತಿಲ್ಲದ ಪಾರ್ಟಿಗೆ. ನೆಂಟರಿಗೆ ಕೊನೆಗೆ.

ನಾನು ಕೊಟ್ಟ ಸಲಹೆಗಳಲ್ಲಿ ಅವರಿಗೆ ಜಾಸ್ತಿ ಕೆಲಸಕ್ಕೆ ಬಂದಿದ್ದು ಬುಕಿಂಗ್ ಚೀಟಿ. ವಾಟ್ಸಾಪಿನಲ್ಲಿ ಕಳಿಸುವ ಒಂದೇ ಪುಟ: ತಾರೀಖು, ಜಾಗ, ಎಷ್ಟು ಜನಕ್ಕೆ, ಟ್ರಯಲ್ಲಿಗೆ ಎಷ್ಟು, ಪ್ರಯಾಣದ ಖರ್ಚು ಯಾರದು. ಅರ್ಧ ಅಡ್ವಾನ್ಸ್ ಬಂದರೆ ಮಾತ್ರ ತಾರೀಖು ಹಿಡಿಯುವುದು, ಉಳಿದದ್ದು ಹಿಂದಿನ ದಿನ. ಮದುವೆ ಮನೆಯಲ್ಲಿ ಎಲ್ಲರೂ ಫೋಟೋಕ್ಕೆ ನಿಂತಾಗ ದುಡ್ಡು ಕೇಳುವ ಕಷ್ಟವೇ ಬೇಡ. ಮದುಮಗಳ ಫೋಟೋ ಇನ್‌ಸ್ಟಾಗ್ರಾಮಿಗೆ ಹಾಕಬಹುದಾ ಅಂತಲೂ ಅದರಲ್ಲೇ ಕೇಳಿ, ಕೆಲವು ಮನೆಯವರಿಗೆ ಇಷ್ಟ ಇರುವುದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ್ದು ನಮಗೆಲ್ಲ ನೆನಪಿದೆ, ಹಾಗಾಗಿ ರಸ್ತೆ ಬಂದ್ ಆಗಿ ಹೋಗಲಾಗದಿದ್ದರೆ ಅಡ್ವಾನ್ಸ್ ಏನಾಗುತ್ತದೆ ಅನ್ನುವ ಸಾಲೂ ಇರಲಿ ಅಂದೆ.

"ನೆಂಟರಿಗೆ ಚೀಟಿ ಕಳಿಸೋದಾ ಮೇಡಂ?" ಅಂತ ಕೇಳಿದರು. ಕಳಿಸಿ ಅಂದೆ. ತೀರಾ ಹತ್ತಿರದವರಿಗೆ ದುಡ್ಡು ತಗೊಳ್ಳಲು ಮನಸ್ಸಿಲ್ಲದಿದ್ದರೆ ಅದನ್ನು ಮುಯ್ಯಿ ಅಂತ ಬಾಯಿಬಿಟ್ಟು ಮೊದಲೇ ಹೇಳಿ. "ಚಿಕ್ಕಮ್ಮ, ಇದು ನನ್ನ ಕಡೆಯಿಂದ ಮುಯ್ಯಿ" ಅಂದರೆ ಕೊಟ್ಟವರಿಗೂ ಗೌರವ, ತಗೊಂಡವರಿಗೂ ಗೊತ್ತಿರುತ್ತದೆ. ಹೇಳದೆ ಸುಮ್ಮನೆ ಮಾಡಿ ಬಂದು, ಆಮೇಲೆ ಮನಸ್ಸಿನಲ್ಲೇ ಕೊರಗುವುದು ಸಂಬಂಧಕ್ಕೆ ಇನ್ನೂ ಕೆಟ್ಟದ್ದು. ಯಾರ್ಯಾರಿಗೆ ಮುಯ್ಯಿ ಅಂತ ವರ್ಷದ ಶುರುವಿನಲ್ಲೇ ಅಮ್ಮನ ಜೊತೆ ಕೂತು ಬರೆದರು. ಮೂರು ಹೆಸರು ಬಂದವು.

ಕಿಟ್ಟಿಗೆ ಹೊಸದಾಗಿ ಏನೂ ಕೊಳ್ಳುವ ಹಾಗಿಲ್ಲ, ಖಾಲಿಯಾದದ್ದನ್ನು ಮಾತ್ರ ತುಂಬಿಸುವುದು ಅಂತ ಒಪ್ಪಂದ ಮಾಡಿಕೊಂಡೆವು. ಯಾರೋ ಏನೋ ಅಂದ ದಿನ ಆರ್ಡರ್ ಹಾಕಬೇಕು ಅನ್ನಿಸಿದರೆ ಕಾರ್ಟಿನಲ್ಲಿ ಇಟ್ಟು ಎರಡು ರಾತ್ರಿ ಬಿಡುವುದು. ಸೀಲ್ ಒಡೆಯದ್ದನ್ನು ಜೊತೆಯಲ್ಲಿ ಕಲಿತವರಿಗೆ ಮಾರಿದರು. ಮುದ್ರಾ ಸಾಲದ ಬಗ್ಗೆ ಕೇಳಿದರು. ಶಿಶು ಯೋಜನೆಯಲ್ಲಿ 50,000 ರೂಪಾಯಿವರೆಗೆ ಅಡಮಾನ ಇಲ್ಲದೆ ಸಿಗುತ್ತದೆ. ಆದರೆ ಕಾರ್ಡಿನ ಬಾಕಿ ತೀರುವವರೆಗೆ ಬೇಡ ಅಂದೆ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾತ್ರ ಈಗಲೇ ಮಾಡಿಸಿಕೊಳ್ಳಿ, ಅದು ಪೂರ್ತಿ ಉಚಿತ, ಯಾರಾದರೂ ಫೀಸ್ ಕೇಳಿದರೆ ಕೊಡಬೇಡಿ.

ಮಳೆಗಾಲದ ವಿಷಯ ಇನ್ನೂ ಪೂರ್ತಿ ಬಗೆಹರಿದಿಲ್ಲ. ಕೊಡವರ ಕಕ್ಕಡ ತಿಂಗಳಲ್ಲಿ, ಆಷಾಢದಲ್ಲಿ ಮದುವೆ ಇಲ್ಲ, ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಸೀಸನ್ನಿನ ಪ್ರತಿ ಬುಕಿಂಗಿನಿಂದ ಒಂದು ಪಾಲು ಬೇರೆ ಖಾತೆಗೆ ಹಾಕಲು ಶುರು ಮಾಡಿದ್ದಾರೆ. ಸೀರೆಗೆ ಮೊದಲೇ ನೆರಿಗೆ ಹಿಡಿದು ಇಸ್ತ್ರಿ ಮಾಡಿ ಕೊಡುವ ಕೆಲಸವನ್ನೂ ಹಿಡಿದಿದ್ದಾರೆ, ಅದಕ್ಕೆ ಸೀಸನ್ ಅಂತ ಇಲ್ಲ.

ನಿದ್ದೆ ಈಗ ಪರವಾಗಿಲ್ಲ. ಗೋಣಿಕೊಪ್ಪಲಿನ ಒಂದು ಪಾರ್ಟಿ ರೇಟ್ ಕೇಳಿ ಬೇಡ ಅಂದಿತು. ಆ ರಾತ್ರಿ ಅತ್ತರು, ಆದರೆ ಏನೂ ಕೊಳ್ಳಲಿಲ್ಲ. ಚಿಕ್ಕಮ್ಮನ ಜೊತೆ ಮಾತು ಇನ್ನೂ ಸರಿಹೋಗಿಲ್ಲ, ಅದಕ್ಕೆ ಅವಸರ ಬೇಡ ಅಂದಿದ್ದೇನೆ. ಬಳೆಯ ಸಾಲದ ಲೆಕ್ಕ ಅಮ್ಮನಿಗೂ ರಮ್ಯಾ ಅವರಿಗೂ ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಕಾರ್ಡಿನ ಬಾಕಿ ಅಮ್ಮನಿಗೂ ಗೊತ್ತಿಲ್ಲ. ಮುಂದಿನ ಸಲ ಅಮ್ಮನನ್ನೂ ಅಣ್ಣನನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ. ಬರುತ್ತೇವೆ ಅಂದಿದ್ದಾರೆ.