ಮಾಜಾಳಿಯಿಂದ: ನಮ್ಮ ಮಾವಶಿ, ನಮ್ಮ ಸಿಸ್ಟರ್

ಕಾಯಿಲೆ ಜಾಸ್ತಿಯಾದರೆ ಕಾರವಾರದವರು ಗೋವಾಕ್ಕೆ ಯಾಕೆ ಹೋಗುತ್ತೀರಿ, ಇನ್ನು ಆಗುವುದಿಲ್ಲ ಅಂತ ಆಸ್ಪತ್ರೆಯವರು ಕಳಿಸಿದ ಮೇಲೆ ಮನೆಯಲ್ಲಿ ಯಾರು ನೋಡುತ್ತಾರೆ ಅಂತ ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ ಸುಲಭ. ಮಣಿಪಾಲ 200 ಕಿ.ಮೀ. ಮೇಲೆ, ಹುಬ್ಬಳ್ಳಿಗೆ ಘಟ್ಟ ಹತ್ತಬೇಕು. ಕಾರವಾರದ ಪಕ್ಕದ ನಮ್ಮ ಮಾಜಾಳಿಯಿಂದ ಗಡಿಯ ಪೋಳೆಂ ನಾಕಾ ದಾಟಿದರೆ ಗೋವಾ, ಬಾಂಬೋಳಿಯ ದೊಡ್ಡಾಸ್ಪತ್ರೆ 90 ಕಿ.ಮೀ. ಆಸುಪಾಸು. 2018ರಿಂದ ಹೊರ ರಾಜ್ಯದವರು ಅಲ್ಲಿ ದುಡ್ಡು ಕಟ್ಟಬೇಕು, ಆದರೂ ಹೋಗುತ್ತೇವೆ.

ಎರಡನೆಯದಕ್ಕೆ ನಮ್ಮ ಮಾವಶಿಯ ಕತೆಯನ್ನೇ ಹೇಳುತ್ತೇನೆ. ಅಮ್ಮನ ಅಕ್ಕ, 78 ವರ್ಷ, ಹೊಟ್ಟೆಯ ಕ್ಯಾನ್ಸರ್. 2024ರ ಮಳೆಗಾಲದಲ್ಲಿ ಮನೆಗೆ ಕರೆದುಕೊಂಡು ಬಂದೆವು.

ಇಲ್ಲಿ ಭಾಷೆಯ ವಿಷಯ ಹೇಳಲೇಬೇಕು. 1956ರವರೆಗೆ ನಾವು ಮುಂಬಯಿ ರಾಜ್ಯದಲ್ಲಿದ್ದವರು, ಮಾವಶಿ ಕಲಿತ ನಾಲ್ಕಕ್ಷರ ಮರಾಠಿಯದ್ದು. ಮಾತು ಕೊಂಕಣಿ. ಕನ್ನಡ ಅವಳಿಗೆ ಕಚೇರಿಯ ಭಾಷೆ, ಮರ್ಯಾದೆಯ ಭಾಷೆ. ಡಾಕ್ಟರು ಕನ್ನಡದಲ್ಲಿ ಎಷ್ಟು ನೋವಿದೆ ಅಂದರೆ "ಸ್ವಲ್ಪ" ಅನ್ನುತ್ತಿದ್ದಳು. ದೊಡ್ಡವರ ಎದುರು ಹೆಚ್ಚು ಹೇಳಬಾರದು, ಅಲ್ವಾ? ಆ "ಸ್ವಲ್ಪ"ವೇ ಚೀಟಿಯಲ್ಲಿ ದಾಖಲಾಗಿ ಮಾತ್ರೆಯೂ ಸ್ವಲ್ಪವೇ ಬರುತ್ತಿತ್ತು.

ಮನೆಗೆ ಬಂದು ನೋಡುತ್ತಿದ್ದ ನರ್ಸ್, ನಮ್ಮ ಸಿಸ್ಟರ್, ಪಕ್ಕದ ಊರಿನವರು. ಕಾರವಾರದಲ್ಲಿ ಡ್ಯೂಟಿ ಮುಗಿಸಿ, ರೇನ್‌ಕೋಟ್ ಹಾಕಿಕೊಂಡು ಸ್ಕೂಟಿಯಲ್ಲಿ ಕಾಳಿ ನದಿಯ ಸೇತುವೆ ದಾಟಿ ಸಂಜೆ ಬರುತ್ತಿದ್ದರು. ಮೊದಲ ದಿನ ಬ್ಯಾಗನ್ನೇ ತೆಗೆಯಲಿಲ್ಲ. ಮಂಚದ ಅಂಚಿಗೆ ಕೂತು, ಕೈ ಹಿಡಿದುಕೊಂಡು "ದುಕ್ತಾ?" ಅಂದರು, ನೋಯುತ್ತದಾ ಅಂತ. ಮಾವಶಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊಟ್ಟೆಯೊಳಗೆ ರಂಪಣಿ ಬಲೆ ಎಳೆದ ಹಾಗೆ ಆಗುತ್ತದೆ, ಒಮ್ಮೆ ಸಡಿಲ ಒಮ್ಮೆ ಬಿಗಿ, ರಾತ್ರಿಯಿಡೀ ಎಳೆಯುತ್ತಾರೆ ಅಂತ ಕೊಂಕಣಿಯಲ್ಲಿ ಹೇಳಿ ಅತ್ತಳು. ಮೂರು ತಿಂಗಳಲ್ಲಿ ನಮಗ್ಯಾರಿಗೂ ಹೇಳಿರಲಿಲ್ಲ.

ಸಿಸ್ಟರ್ ಡಾಕ್ಟರಿಗೆ ಫೋನು ಮಾಡಿ ಅದನ್ನೇ ಹೇಳಿದರು, ಮಾರ್ಫಿನ್ ಮಾತ್ರೆ ಶುರುವಾಯಿತು. ಮನೆಯಲ್ಲಿ ಗಲಾಟೆ. ಚಟ ಹತ್ತುತ್ತದೆ, ಬೇಗ ಹೋಗಿಬಿಡುತ್ತಾಳೆ ಅಂತ. ಡಾಕ್ಟರು ಹೇಳಿದ ಅಳತೆಯಲ್ಲಿ ನೋವಿಗೆ ಕೊಟ್ಟರೆ ಹಾಗೆಲ್ಲ ಆಗುವುದಿಲ್ಲ, ಹೆಚ್ಚಾಗಿ ಮಲಬದ್ಧತೆ ಆಗುತ್ತದೆ, ಅದಕ್ಕೂ ಜೊತೆಗೇ ಔಷಧಿ ಇದೆ ಅಂತ ಸಿಸ್ಟರ್ ಒಬ್ಬೊಬ್ಬರನ್ನೂ ಕೂರಿಸಿ ಹೇಳಿದರು. ಮಾತ್ರೆಯ ಮೇಲಿನ ಇಂಗ್ಲಿಷ್ ವೈನಿಗೆ, ಅಂದರೆ ಅತ್ತಿಗೆಗೆ, ಓದಲು ಬರುವುದಿಲ್ಲ. ಹಾಗಾಗಿ ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ದಿನಕ್ಕೆ ಐದು ಸಣ್ಣ ಗಡಿಯಾರ ಬಿಡಿಸಿಟ್ಟರು: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ಕೊನೆಯ ಗಡಿಯಾರದ ಪಕ್ಕ ಎರಡು ಚುಕ್ಕೆ, ಅಂದರೆ ಎರಡು ಮಾತ್ರೆ, ನಡುರಾತ್ರಿ ಯಾರೂ ಏಳಬೇಕಾಗಿಲ್ಲ. ಮೂರನೆಯ ರಾತ್ರಿ ಮಾವಶಿ ನಿದ್ದೆ ಮಾಡಿದಳು.

ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಕುಸಿಯಿತು ನೋಡಿ, ಅವತ್ತು ಸಿಸ್ಟರ್ ಬರಲಾಗಲಿಲ್ಲ. ವಿಡಿಯೋ ಕಾಲಿನಲ್ಲೇ ವೈನಿಗೆ ಮಗ್ಗುಲು ಬದಲಿಸುವುದು, ಬೆನ್ನಿನ ಚರ್ಮ ಕೆಂಪಾಗಿದೆಯಾ ನೋಡುವುದು ಹೇಳಿಕೊಟ್ಟರು.

ಊಟದ ವಿಷಯದಲ್ಲಿ ತಪ್ಪು ನಮ್ಮದೇ. ಪೇಜ್ (ಗಂಜಿ) ಕುಡಿ, ಕುಡಿ ಅಂತ ಬಲವಂತ ಮಾಡುತ್ತಿದ್ದೆವು. ತಿನ್ನದೆ ಸಾಯುತ್ತಿಲ್ಲ, ಕಾಯಿಲೆಯಿಂದ ದೇಹಕ್ಕೆ ಊಟ ಬೇಡವಾಗಿದೆ ಅಂತ ಸಿಸ್ಟರ್ ಹೇಳಿದಾಗ ಅಮ್ಮ ಅತ್ತುಬಿಟ್ಟಳು. ಒದ್ದೆ ಹತ್ತಿಯಿಂದ ತುಟಿ, ನಾಲಿಗೆ ಒರೆಸಲು ಅಮ್ಮನಿಗೇ ಕಲಿಸಿದರು. ಏನು ಬೇಕು ಅಂತ ಕೇಳಿದರೆ ಮಾವಶಿ ಬಂಗುಡೆ ಹುಮ್ಮಣ ಅಂದಳು, ಮೀನಿನ ಸಾರು! ಬೆರಳ ತುದಿಯಷ್ಟು ರಸ ನಾಲಿಗೆಗೆ ಹಚ್ಚಿದೆವು. ಉಪ್ಪು ಕಡಿಮೆ ಅಂದಳು.

ಮಾವಶಿಯ ಮಗ ಗೋವಾದ ವಾಸ್ಕೋದಲ್ಲಿ ಕೆಲಸಕ್ಕಿದ್ದ, ಭಾನುವಾರ ಬರುವವನಿದ್ದ. ಗುರುವಾರ ಸಂಜೆ ಕಾಲು ತಣ್ಣಗಾಗಿದ್ದು, ಉಸಿರು ನಿಂತು ನಿಂತು ಬರುವುದು ನೋಡಿ ಸಿಸ್ಟರ್ ಹೊರಗೆ ಹೋಗಿ ತಾವೇ ಫೋನು ಮಾಡಿದರು: "ಭಾನುವಾರ ಬೇಡ ತಮ್ಮ, ಈಗಲೇ ಹೊರಡು." ಬೈಕಿನಲ್ಲಿ ರಾತ್ರಿ ಹತ್ತಕ್ಕೆ ಬಂದ. ಮಾವಶಿ ಕಣ್ಣು ಬಿಟ್ಟು ನೋಡಿದಳು, ಮಾತಿಲ್ಲ. ಬೆಳಗಿನ ಜಾವ ಹೋದಳು.

ಎರಡು ದಿನ ಬಿಟ್ಟು ಸಿಸ್ಟರ್ ಬಂದು ಉಳಿದ ಮಾರ್ಫಿನ್ ಎಣಿಸಿ, ಆಸ್ಪತ್ರೆಗೆ ವಾಪಸ್ ಕೊಡಬೇಕು ಅಂತ ಕವರಿಗೆ ಹಾಕಿಕೊಂಡರು. ಆಮೇಲೆ ಅಡುಗೆಮನೆಗೆ ಹೋಗಿ ವೈನಿಯ ಪಕ್ಕ ಕೂತರು. ರಾತ್ರಿ ನಿದ್ದೆ ಬಂತಾ ಅಂತ ಅವಳನ್ನು ಕೇಳಿದವರು ಅವರೊಬ್ಬರೇ.